ಹೇಳಿಕೆಯ ನಾಲ್ಕನೇ ಪ್ರತಿ

ಶಿವಮೊಗ್ಗದ ಗೋಪಿ ಸರ್ಕಲ್ಲಿನ ಹಿಂದಿನ ಸಂದಿಯಲ್ಲಿ
ನನ್ನದೊಂದು ಡಿಟಿಪಿ ಅಂಗಡಿ.
ಬಾಡಿಗೆ ಕರಾರು, ಹೆಸರು ಬದಲಾವಣೆ,
ಕಳೆದುಹೋದ ಮಾರ್ಕ್ಸ್‌ಕಾರ್ಡಿಗೆ ಅಫಿಡವಿಟ್ಟು, ಶ್ರದ್ಧಾಂಜಲಿ.
ಪುಟಕ್ಕೆ ಮೂವತ್ತು. ತಿದ್ದುಪಡಿಗೆ ದುಡ್ಡಿಲ್ಲ
ಎಂದು ಬೋರ್ಡಿನಲ್ಲೇ ಬರೆಸಿಬಿಟ್ಟಿದ್ದೇನೆ.

ಒಂಬತ್ತಕ್ಕೆ ಬಂದಳು ಭದ್ರಾವತಿಯ ಅಮುದಾ.
ಗುಂಡು ಎಸೆಯುವವಳು. ಹೋದ ವರ್ಷ ಅವಳ ಫ್ಲೆಕ್ಸಿಗೆ
ಅಕ್ಷರ ಜೋಡಿಸಿದವನು ನಾನೇ:
‘ಉಕ್ಕಿನೂರಿನ ಉಕ್ಕಿನ ಹುಡುಗಿ’.
ಶಾಸಕರ ಮುಖ ಅವಳ ಮುಖಕ್ಕಿಂತ ದೊಡ್ಡದಿತ್ತು.
ಈಗ ಸ್ಟೂಲಿನ ತುದಿಯಲ್ಲಿ ಕೂತು
ಅಂಗೈಯ ಸಿಪ್ಪೆ ಸುಲಿಯುತ್ತಿದ್ದಾಳೆ.
ಹನ್ನೆರಡಕ್ಕೆ ಪತ್ರಿಕಾಗೋಷ್ಠಿ.

ಮೊದಲ ಪ್ರತಿ ಅವಳದೇ, ನೋಟ್‌ಬುಕ್ಕಿನ ಹಾಳೆ, ಒಂದೇ ಸಾಲು:
ನಾನು ತಗೊಂಡಿಲ್ಲ.
“ಇಷ್ಟೇನಾ?” ಅಂದೆ.
“ಇನ್ನೇನಿದೆ?” ಅಂದಳು.

ಎರಡನೆಯದು ಕೋಚ್ ತಿಪ್ಪೇರುದ್ರಪ್ಪನವರದು,
ನಿಂತುಕೊಂಡೇ ಹೇಳಿ ಬರೆಸಿದರು:
ನಾಡಿನ ಹೆಮ್ಮೆಯ ಮಗಳ ವಿರುದ್ಧ ವ್ಯವಸ್ಥಿತ ಷಡ್ಯಂತ್ರ,
ಕಾಣದ ಕೈಗಳು, ಸತ್ಯಕ್ಕೆ ಸಾವಿಲ್ಲ.
‘ಷಡ್ಯಂತ್ರ’ದ ಒತ್ತು ನನ್ನ ಹಳೇ ಫಾಂಟಿನಲ್ಲಿ ಕೂರುವುದಿಲ್ಲ,
ಎರಡು ಸಲ ಒಡೆಯಿತು.
ಹೇಳುವಷ್ಟು ಹೊತ್ತೂ ಅವರು ಅವಳ ಕಡೆ ನೋಡಲಿಲ್ಲ.
ಅದನ್ನು ನಾನು ನೋಡಿದೆ.
ಟೈಪ್ ಮಾಡುವವನು ನೋಡಬಾರದು.

ಮೂರನೆಯದು ವಕೀಲರದು, ಫೋನಿನ ಸ್ಪೀಕರಿನಿಂದ:
‘ನನ್ನ ಅರಿವಿಗೆ ಬಂದಂತೆ’ ಹಾಕಿ, ‘ಉದ್ದೇಶಪೂರ್ವಕವಾಗಿ’ ಹಾಕಿ,
‘ತಗೊಂಡಿಲ್ಲ’ ಬೇಡ, ‘ಸೇವಿಸಿರುವುದಿಲ್ಲ’ ಅನ್ನಿ.
ಸಾಲು ಬೆಳೆದು ಅಂಚು ದಾಟಿ ಮುಂದಿನ ಸಾಲಿಗೆ ಬಿತ್ತು.
ಅವಳ ಎರಡು ಪದ ಅದರೊಳಗೆಲ್ಲೋ ಇದ್ದವು,
ಬಸ್‌ಸ್ಟ್ಯಾಂಡಿನಲ್ಲಿ ಕೈತಪ್ಪಿದ ಮಕ್ಕಳ ಹಾಗೆ.

ಇಪ್ಪತ್ತೆರಡು ವರ್ಷ ಕೀಲಿ ಒತ್ತಿದ್ದೇನೆ, ಇಷ್ಟು ಗೊತ್ತು:
ಇಲ್ಲ ಅನ್ನುವವರು ನಡೆದದ್ದರ ಬಗ್ಗೆ ಹೇಳುತ್ತಾರೆ,
ಅಲ್ಲ ಅನ್ನುವವರು ತಮ್ಮ ಬಗ್ಗೆ.
ಸೊಸೈಟಿಯ ಗುಮಾಸ್ತ, ರಸೀದಿ ಪುಸ್ತಕ ಕಾಣೆಯಾದ ಮಾರನೇ ದಿನ,
ಇದೇ ಸ್ಟೂಲಿನಲ್ಲಿ ‘ನಾನು ಅಂಥವನಲ್ಲ’ ಎಂದು
ಏಳು ಸಲ ಬರೆಸಿದ್ದ.
ಹಾಗಂತ ಇದು ತಕ್ಕಡಿಯೇನಲ್ಲ.
ನಿಜವೂ ಹೆದರಿದಾಗ ಅಲ್ಲ ಅನ್ನುತ್ತದೆ,
ಸುಳ್ಳಿಗೂ ನೆಟ್ಟಗೆ ನಿಂತು ಇಲ್ಲ ಅನ್ನಲು ಬರುತ್ತದೆ.
ಬಾಟಲಿಯೊಳಗೆ ಏನಿದೆಯೆಂದು ವ್ಯಾಕರಣಕ್ಕೇನು ಗೊತ್ತು.
ಎರಡನೇ ಬಾಟಲಿ ದಿಲ್ಲಿಯಲ್ಲಿದೆ, ಸೀಲು ಒಡೆದಿಲ್ಲ.

ಕೋಚ್ ಟೀ ಹೇಳಲು ಹೊರಗೆ ಹೋದರು.
ಅವಳು ಚೀಲದಿಂದ ಒಂದು ಡಬ್ಬಿ ತೆಗೆದಳು.
“ಅಣ್ಣಾ, ಈ ಇಂಗ್ಲಿಷು ಓದಿ ಹೇಳ್ತೀರಾ?
ದಸರಾದಿಂದ ದಿನಾ ಎರಡು ಚಮಚ. ಸರ್ ಕೊಟ್ಟಿದ್ದು.”
ಕನ್ನಡಕ ಹಾಕಿಕೊಂಡು ಓದಿದೆ. ಹಾಲಿನ ಪುಡಿ, ಕೋಕೋ,
ಬಾಯಿ ತಿರುಗದ ಹತ್ತಾರು ಹೆಸರು.
ಕೊನೆಯ ಎರಡು ಸಾಲು ಮಾತ್ರ ಇರಲಿಲ್ಲ,
ಬ್ಲೇಡಿನಲ್ಲಿ ನಾಜೂಕಾಗಿ ಕೆರೆದಿತ್ತು.
ಅಲ್ಲಿ ಬೆರಳಿಟ್ಟೆ. ಅವಳೂ ಇಟ್ಟಳು.
ಅವಳ ಬೆರಳು ಬಹಳ ಹೊತ್ತು ಅಲ್ಲೇ ಇತ್ತು.

“ಇನ್ನೊಂದು ಹೊಡೀರಿ.”
ನಾನು ಕುಡಿದಿದ್ದೇನೆ. ಏನನ್ನು ಎಂದು ಕೇಳಿರಲಿಲ್ಲ.
ಇಲ್ಲ ಇತ್ತು.
ಜಾಗ ಬದಲಿಸಿತ್ತು.

ಪ್ರಿಂಟರು ಕೆಮ್ಮಿ ನಾಲ್ಕೂ ಹಾಳೆ ಉಗುಳಿತು.
ಒಂದರೊಳಗೊಂದು ಮಡಚಿ ಚೀಲಕ್ಕಿಟ್ಟಳು,
ಯಾವುದು ಮೇಲೆ, ಕಾಣಲಿಲ್ಲ.
ನೂರಿಪ್ಪತ್ತು ಎಣಿಸಿ ಕೊಟ್ಟಳು.
“ಮೂವತ್ತು ಸಾಕಮ್ಮ, ತಿದ್ದುಪಡಿಗೆ ತಗೊಳ್ಳಲ್ಲ” ಅಂದೆ.
“ಇವು ತಿದ್ದುಪಡಿ ಅಲ್ಲ ಅಣ್ಣ” ಅಂದಳು.

ಟೀ ಬಂತು. ಕೋಚ್ ಲೋಟ ಚಾಚಿದರು.
ಅವಳು ಅದನ್ನು ಕೈಯಲ್ಲಿ ಹಿಡಿದು
ಮೊದಲ ಸಲ ಕೇಳಿದಳು,
ಇದರಲ್ಲಿ ಏನು ಹಾಕಿದ್ದಾರೆ ಅಂತ.

ಹನ್ನೆರಡಕ್ಕೆ ನಾನು ಹೋಗಲಿಲ್ಲ.
ಯಾರೋ ಬಾಡಿಗೆ ಕರಾರಿಗೆ ಬಂದಿದ್ದರು,
ಹನ್ನೊಂದು ತಿಂಗಳಿಗೆ.